ದ್ರಾಕ್ಷಿ ತೋಟದ ಕಾಗದಪತ್ರಗಳನ್ನು ಮೊಬೈಲಿನಲ್ಲಿ ಜೋಡಿಸಿಡುವ ಬಗೆ

ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರ ಮೊಬೈಲಿನಲ್ಲಿ ಔಷಧದ ಬಿಲ್ಲು, ಮಣ್ಣು ಪರೀಕ್ಷೆಯ ವರದಿ, ಪಹಣಿ, ಒಣದ್ರಾಕ್ಷಿ ತೂಕದ ಚೀಟಿ ಎಲ್ಲವೂ ಇರುತ್ತವೆ. ಬ್ಯಾಂಕಿನವರು ಕೇಳಿದ ಹೊತ್ತಿಗೆ ಮಾತ್ರ ಸಿಗುವುದಿಲ್ಲ. ಅವು ವಾಟ್ಸಾಪ್ ಗುಂಪುಗಳ ಶುಭೋದಯದ ಚಿತ್ರಗಳ ನಡುವೆ ಹೂತುಹೋಗಿರುತ್ತವೆ. ಇದಕ್ಕಾಗಿ ಹೊಸ ಆ್ಯಪ್ ಹುಡುಕುವುದಕ್ಕಿಂತ ಗೂಗಲ್ ಡ್ರೈವ್ ಮತ್ತು ಕ್ಯಾಲೆಂಡರ್ ಎರಡನ್ನೇ ಶಿಸ್ತಿನಿಂದ ಬಳಸುವುದು ಮೇಲೆಂಬುದು ನನ್ನ ಅನುಭವ.

ಮೊದಲು ಡ್ರೈವ್‌ನಲ್ಲಿ ‘ತೋಟ’ ಎಂಬ ಒಂದೇ ಫೋಲ್ಡರ್ ಮಾಡಿಕೊಳ್ಳಿ. ಅದರೊಳಗೆ ಮತ್ತೆ ಹತ್ತಾರು ಫೋಲ್ಡರ್ ಬೇಡ. ಯಾವುದರಲ್ಲಿ ಇಡಲೆಂದು ಯೋಚಿಸುತ್ತ ನಿಂತವರು ಕೊನೆಗೆ ಎಲ್ಲಿಯೂ ಇಡುವುದಿಲ್ಲ. ಬಿಲ್ಲು ಕೈಗೆ ಬಂದ ಕೂಡಲೇ, ಅಂಗಡಿಯ ಕಟ್ಟೆ ಇಳಿಯುವ ಮೊದಲೇ, ಡ್ರೈವ್‌ನ ಸ್ಕ್ಯಾನ್ ಸೌಲಭ್ಯದಿಂದ ಪಿಡಿಎಫ್ ಮಾಡಿ ಹೆಸರು ಕೊಡಿ. ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಕೊನೆಗೆ ವಿಷಯ ಇರಲಿ: ‘2025-10-06 ಔಷಧ ಬಿಲ್ಲು ಬಾವಿಹೊಲ’. ನಾವು ಬಾಯಲ್ಲಿ ಹೇಳುವಂತೆ ದಿನವನ್ನು ಮೊದಲು ಬರೆದರೆ ಅಕ್ಟೋಬರ್ 6ರ ಕಾಗದವೂ ಜನವರಿ 6ರ ಕಾಗದವೂ ಅಕ್ಕಪಕ್ಕ ಬಂದು ಕೂರುತ್ತವೆ. ವರ್ಷ ಮೊದಲಿದ್ದರೆ, ಹೆಸರಿನ ಪ್ರಕಾರ ಜೋಡಿಸಿದೊಡನೆ ಅವು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ.

ಹೆಸರನ್ನು ಕನ್ನಡದಲ್ಲೇ ಬರೆಯಬಹುದು, ಏಕೆಂದರೆ ಮೊಬೈಲಿನ ಕೀಲಿಮಣೆ ಮೂಡಿಸುವುದು ಯಾವ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್ ಅಕ್ಷರಗಳನ್ನೇ. ಹಳೆಯ ಕಂಪ್ಯೂಟರಿನಲ್ಲಿ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪು ಮಾಡಿಸಿದ್ದ ನನ್ನ ಕೂಲಿ ಲೆಕ್ಕ ಮೊಬೈಲಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿತ್ತು. ಅಂಥವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಾಯಿಸಿಯೇ ಇಡಬೇಕು.

ತೋಟದಲ್ಲಿ ನೆಟ್‌ವರ್ಕ್ ಸಿಗದ ಕಡೆ ಬೇಕಾಗುವ ಪಹಣಿಯಂಥವನ್ನು ಆಫ್‌ಲೈನ್ ಎಂದು ಗುರುತಿಸಿಡಿ.

ಕ್ಯಾಲೆಂಡರ್‌ನ ನಿಜವಾದ ಉಪಯೋಗ ಅಕ್ಟೋಬರ್ ಚಾಟನಿಯ, ಅಂದರೆ ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸದ, ನಂತರ ತಿಳಿಯುತ್ತದೆ. ಸಲಹೆ ಕೇಳಲು ಹೋದರೆ ಮೊದಲ ಪ್ರಶ್ನೆಯೇ ‘ಚಾಟನಿಯಾಗಿ ಎಷ್ಟು ದಿನವಾಯಿತು?’ ಎಂಬುದು. ಆದ್ದರಿಂದ ಪ್ರತಿ ಪ್ಲಾಟಿನ ಚಾಟನಿಯ ದಿನವನ್ನು ಅಂದೇ ಬರೆದಿಡಿ. ಸಿಂಪಡಿಸಿದ ದಿನ ಔಷಧದ ಹೆಸರು ಮತ್ತು ಪ್ರಮಾಣವನ್ನು ನಮೂದಿಸಿ, ಸಿಂಪಡಣೆಗೂ ಕೊಯ್ಲಿಗೂ ನಡುವೆ ಇಷ್ಟು ದಿನ ಬಿಡಬೇಕೆಂದು ಡಬ್ಬಿಯ ಮೇಲೆ ಬರೆದಿರುವುದನ್ನು ಎಣಿಸಿ, ಆ ಅವಧಿ ಮುಗಿಯುವ ದಿನಕ್ಕೆ ಇನ್ನೊಂದು ನೆನಪೋಲೆ ಇಡಿ. ಇದನ್ನು ನೆನಪಿಗೆ ಬಿಡುವುದು ಸಲ್ಲದು. ಆಳು ಒಬ್ಬ, ಪ್ಲಾಟು ನಾಲ್ಕು ಇರುವಲ್ಲಿ ಲೆಕ್ಕ ತಪ್ಪಿಯೇ ತಪ್ಪುತ್ತದೆ.

ಗೂಗಲ್ ಖಾತೆಗೆ ಉಚಿತವಾಗಿ ದೊರೆಯುವುದು 15 ಜಿಬಿ ಜಾಗ; ಅದನ್ನು ಜಿಮೇಲ್, ಫೋಟೋಸ್, ಡ್ರೈವ್ ಮೂರೂ ಹಂಚಿಕೊಳ್ಳುತ್ತವೆ, ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಅದರಲ್ಲೇ ಸೇರುತ್ತದೆ. ಜಾಗ ತುಂಬಿದರೆ ಹೊಸ ಮೇಲ್ ಬರುವುದೇ ನಿಲ್ಲುವುದರಿಂದ ತಿಂಗಳಿಗೊಮ್ಮೆ ವಾಟ್ಸಾಪ್ ವಿಡಿಯೋಗಳನ್ನು ಅಳಿಸಿ.

ಖಾತೆಗೆ ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಆದ ಮೇಲೆ ಫೋನಿನ ಮೂಲಕ ಇನ್ನೊಮ್ಮೆ ಖಚಿತಪಡಿಸುವ ವ್ಯವಸ್ಥೆ) ಹಾಕಿಕೊಂಡ ಮೇಲೆ, ಫೋನು ಕಳೆದಾಗ ಒಳಹೋಗಲು ಗೂಗಲ್ ಕೊಡುವ 10 ಬ್ಯಾಕಪ್ ಕೋಡ್‌ಗಳನ್ನು ಹಾಳೆಯ ಮೇಲೆ ಬರೆದು ಮನೆಯ ಟ್ರಂಕಿನಲ್ಲಿ, ಹೊಲದ ಕಾಗದಗಳ ಜೊತೆಗೇ ಇಡಿ. ಒಂದು ಕೋಡ್ ಒಂದೇ ಸಲ ನಡೆಯುತ್ತದೆ. ಬಳಸಿದ್ದಕ್ಕೆ ಗೀಟು ಹಾಕಿ. ಹೊಸ ಹತ್ತನ್ನು ಪಡೆದ ಕ್ಷಣವೇ ಹಳೆಯವು ರದ್ದಾಗುವುದರಿಂದ ಹಳೆಯ ಹಾಳೆಯನ್ನು ಹರಿದುಹಾಕಿ.