ತಪ್ಪು ಮಾಡುವ ಲೆವೆಲ್ ಕಟ್ಟಿ: ವಿಆರ್‌ನಲ್ಲಿ ಸರ್ವೆ ಕಲಿಸುವ ಬಗೆ

ನಮ್ಮ ಕಾಲೇಜಿನ ಹಿಂದಿನ ಮೈದಾನ ರಾಜಕಾಲುವೆಯ ಕಡೆಗೆ ಇಳಿಯುತ್ತದೆ. ಹತ್ತೊಂಬತ್ತು ವರ್ಷಗಳಿಂದ ನಾನು ಸಿವಿಲ್ ವಿದ್ಯಾರ್ಥಿಗಳಿಗೆ ಲೆವೆಲಿಂಗ್, ಅಂದರೆ ನೆಲದ ಎತ್ತರದ ವ್ಯತ್ಯಾಸ ಅಳೆಯುವುದನ್ನು, ಕಲಿಸುತ್ತಿರುವುದು ಅಲ್ಲೇ. ಒಂದು ಆಟೋ ಲೆವೆಲ್‌ಗೆ (ಮಟ್ಟವಾಗಿ ನೋಡುವ ದೂರದರ್ಶಕದ ಉಪಕರಣ) ಆರು ಜನ. ಒಬ್ಬಳು ದೂರದರ್ಶಕದಲ್ಲಿ ನೋಡುತ್ತಾಳೆ, ಒಬ್ಬ ಸ್ಟಾಫ್ ಎಂಬ ಅಳತೆಗೋಲನ್ನು ನೆಟ್ಟಗೆ ಹಿಡಿಯುತ್ತಾನೆ, ಒಬ್ಬ ಬರೆದುಕೊಳ್ಳುತ್ತಾನೆ, ಮಿಕ್ಕವರು ನೆರಳಲ್ಲಿ ನಿಂತಿರುತ್ತಾರೆ. ಮಳೆ ಬಂದರೆ ಎಲ್ಲರೂ ಒಳಗೆ. ಸೆಮಿಸ್ಟರ್ ಮುಗಿದಾಗಲೂ ಉಪಕರಣವನ್ನು ಮಟ್ಟ ಮಾಡುವ ಫುಟ್ ಸ್ಕ್ರೂ ಮುಟ್ಟದವರು ಪ್ರತಿ ಬ್ಯಾಚಿನಲ್ಲೂ ಉಳಿಯುತ್ತಿದ್ದರು. ಅವರಿಗಾಗಿಯೇ ವರ್ಚುವಲ್ ರಿಯಾಲಿಟಿಯ (ವಿಆರ್) ಕಡೆಗೆ ತಿರುಗಿದೆ.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ನನ್ನ ಮೊದಲ ವರ್ಚುವಲ್ ಲೆವೆಲ್‌ನಲ್ಲಿ ಗುಂಡಿ ಒತ್ತಿದರೆ ಮಟ್ಟ ತೋರಿಸುವ ಗುಳ್ಳೆ ನಡುವಿಗೆ ಬಂದು ನಿಲ್ಲುತ್ತಿತ್ತು, ಸ್ಟಾಫ್ ಎಂದೂ ವಾಲುತ್ತಿರಲಿಲ್ಲ, ಓದು ತಾನಾಗಿ ಪರದೆಯ ಮೇಲೆ ಮೂಡುತ್ತಿತ್ತು. ಮಕ್ಕಳು ಖುಷಿಯಾಗಿ ಅಭ್ಯಾಸ ಮಾಡಿದರು. ಮೈದಾನಕ್ಕೆ ಬಂದಾಗ ಟ್ರೈಪಾಡಿನ ಕಾಲನ್ನು ಮಣ್ಣಿಗೆ ತುಳಿದು ಊರಬೇಕೆಂಬುದೂ ಅವರಿಗೆ ತೋಚಲಿಲ್ಲ. ಸರ್ವೆ ಎಂದರೆ ತಪ್ಪುಗಳನ್ನು ಗುರುತಿಸಿ ಕಳೆಯುವ ವಿದ್ಯೆ. ತಪ್ಪೇ ಇಲ್ಲದ ಉಪಕರಣ ಏನನ್ನೂ ಕಲಿಸುವುದಿಲ್ಲ.

ಹಾಗಾಗಿ ನೆಲದಿಂದ ಆರಂಭಿಸಿ. ಅಂತರ್ಜಾಲದಲ್ಲಿ ಸಿಗುವ ಸಿದ್ಧ ಬೆಟ್ಟಗುಡ್ಡಗಳನ್ನು ತೆಗೆದುಕೊಳ್ಳದೆ ನಿಮ್ಮ ಮೈದಾನವನ್ನೇ ಒಳಗೆ ತನ್ನಿ. ನಾವು 60 ಮೀಟರ್ ಉದ್ದ, 40 ಮೀಟರ್ ಅಗಲದ ಜಾಗವನ್ನು ಎರಡು ಮೀಟರ್ ಚೌಕಗಳಾಗಿ ಗುರುತಿಸಿ, ಹಿರಿಯ ವಿದ್ಯಾರ್ಥಿಗಳಿಂದ ಕೋನ, ದೂರ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್‌ನಲ್ಲಿ ಸುಮಾರು 650 ಬಿಂದುಗಳನ್ನು ಅಳೆಸಿದೆವು. ಚರಂಡಿಯ ಅಂಚು, ಮೆಟ್ಟಿಲು, ದಿಬ್ಬಗಳ ಬಳಿ ಬಿಂದುಗಳು ಇನ್ನೂ ಒತ್ತಾಗಿರಲಿ. ಅವುಗಳನ್ನು ತ್ರಿಕೋನಗಳ ಜಾಲವಾಗಿಸಿ ಮೂರು ಆಯಾಮದ ಚಿತ್ರ ರಚಿಸುವ ಬ್ಲೆಂಡರ್ ತಂತ್ರಾಂಶದ ಮೂಲಕ, ವಿಆರ್ ದೃಶ್ಯ ಕಟ್ಟುವ ಯೂನಿಟಿ ತಂತ್ರಾಂಶಕ್ಕೆ ಒಯ್ದರೆ ಸಾಕು. ಹುಲ್ಲು, ಮೋಡಗಳ ಅಲಂಕಾರಕ್ಕೆ ಸಮಯ ಕಳೆಯಬೇಡಿ. ಹೆಡ್‌ಸೆಟ್‌ನಲ್ಲಿ ಅಳೆದ ನೆಲವನ್ನೇ ಮುಂದಿನ ವಾರ ಕಾಲಿನಿಂದ ತುಳಿಯುತ್ತೇವೆ ಎಂದು ಗೊತ್ತಾದಾಗ ಮಕ್ಕಳು ಅಂಕಿಗಳನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ಹೆಚ್ಚು ಶ್ರಮ ಬೇಡುವುದು ದೂರದರ್ಶಕ. 50 ಮೀಟರ್ ಆಚೆ ನಿಂತ ಸ್ಟಾಫಿನ ಐದು ಮಿಲಿಮೀಟರ್ ಗೆರೆ ಕಣ್ಣಿಗೆ 0.006 ಡಿಗ್ರಿಯಷ್ಟೂ ಆಗುವುದಿಲ್ಲ. ಡಿಗ್ರಿಗೆ ಸುಮಾರು 25 ಪಿಕ್ಸೆಲ್ ತೋರಿಸುವ ಹೆಡ್‌ಸೆಟ್‌ನಲ್ಲಿ ಅದು ಒಂದು ಪಿಕ್ಸೆಲ್‌ನ ಏಳನೇ ಒಂದು ಪಾಲು. ದೃಶ್ಯವನ್ನು ಸುಮ್ಮನೆ ಹಿಗ್ಗಿಸಿದರೆ ಮಸುಕು ಬಣ್ಣ ಮಾತ್ರ ಕಾಣುತ್ತದೆ. ಇದಕ್ಕೆ ದಾರಿ, ಲೆವೆಲ್‌ನೊಳಗೆ ಇನ್ನೊಂದು ಕ್ಯಾಮೆರಾ ಇಡುವುದು. ಅದರ ನೋಟದ ಕೋನ 1.5 ಡಿಗ್ರಿ ಇರಲಿ. ಅದು ಕಂಡದ್ದನ್ನು 1024 ಪಿಕ್ಸೆಲ್ ಅಗಲದ ಚಿತ್ರವಾಗಿ, ಕಣ್ಣಿನ ಮುಂದೆ ಸುಮಾರು 40 ಡಿಗ್ರಿ ಅಗಲದ ವೃತ್ತದಲ್ಲಿ ತೋರಿಸಿ. ಆಗ ಐದು ಮಿಲಿಮೀಟರ್ ಗೆರೆಗೆ ನಾಲ್ಕು ಪಿಕ್ಸೆಲ್ ಸಿಗುತ್ತದೆ, ಮಿಲಿಮೀಟರನ್ನು ಅಂದಾಜಿಸಿ ಓದಬಹುದು.

ಇಲ್ಲಿ ಒಂದು ಸೊಗಸಾದ ಸಾಧ್ಯತೆ ಇದೆ. ಪ್ಯಾರಲಾಕ್ಸ್ (ಕಣ್ಣು ಸರಿದಾಗ ಗೆರೆಯೂ ಬಿಂಬದ ಮೇಲೆ ಸರಿದಂತೆ ಕಾಣುವುದು) ಎಂದರೇನೆಂದು ನಾನು ಕರಿಹಲಗೆಯ ಮೇಲೆ ಎಷ್ಟು ಬಿಡಿಸಿದರೂ ಅರ್ಧ ತರಗತಿಗೆ ತಿಳಿಯುತ್ತಿರಲಿಲ್ಲ. ಹೆಡ್‌ಸೆಟ್ ತಲೆಯ ಚಲನೆಯನ್ನು ಗುರುತಿಸುತ್ತದೆಯಲ್ಲವೇ? ಫೋಕಸ್ ಸರಿಯಾಗುವವರೆಗೆ ಕ್ರಾಸ್‌ಹೇರನ್ನು (ದೂರದರ್ಶಕದೊಳಗಿನ ಅಡ್ಡಗೆರೆಗಳನ್ನು) ಸ್ಟಾಫಿನ ಬಿಂಬಕ್ಕಿಂತ ತುಸು ಮುಂದಿನ ಆಳದಲ್ಲಿ ಇಡಿ. ತಲೆ ಅಲುಗಿಸಿದಾಗ ಗೆರೆ ಸ್ಟಾಫಿನ ಮೇಲೆ ಮೇಲಕ್ಕೂ ಕೆಳಕ್ಕೂ ಜಾರುತ್ತದೆ. ಅದನ್ನು ಒಮ್ಮೆ ಕಂಡವರು ಗೆರೆಗಳನ್ನು ಸ್ಪಷ್ಟಗೊಳಿಸಲು ಐಪೀಸನ್ನು (ಕಣ್ಣಿಡುವ ಮಸೂರವನ್ನು) ಮೊದಲು ತಿರುಗಿಸಲು ಮರೆಯುವುದಿಲ್ಲ.

ಇನ್ನು ತಪ್ಪುಗಳನ್ನು ಬೆರೆಸಬೇಕು. ಒಂದೊಂದು ವಾರಕ್ಕೆ ಒಂದೊಂದು ಸಾಕು. ಮೊದಲ ವಾರ ಸ್ಟಾಫ್ ವಾಲಲಿ: ಮೂರು ಮೀಟರ್ ಎತ್ತರದ ಓದಿನಲ್ಲಿ ಐದು ಡಿಗ್ರಿ ವಾಲಿದರೆ ಸುಮಾರು 11 ಮಿಲಿಮೀಟರ್ ಹೆಚ್ಚು ಕಾಣುತ್ತದೆ. ಸ್ಟಾಫನ್ನು ಹಿಂದೆ ಮುಂದೆ ತೂಗಿ ಅತಿ ಕಡಿಮೆ ಓದನ್ನು ಹಿಡಿಯಬೇಕೆಂದು ಅವರೇ ಕಂಡುಕೊಳ್ಳುವ ತನಕ ಕಾಯಿರಿ. ಎರಡನೆಯ ವಾರ ಕಾಲಿಮೇಷನ್ ದೋಷ, ಅಂದರೆ ದೃಷ್ಟಿರೇಖೆ ಮಟ್ಟವಾಗಿರದ ದೋಷ. ದೃಷ್ಟಿರೇಖೆ ಹತ್ತು ಮೀಟರ್‌ಗೆ ಎರಡು ಮಿಲಿಮೀಟರ್ ಮೇಲೇರಲಿ. ಬ್ಯಾಕ್‌ಸೈಟ್ (ಎತ್ತರ ಗೊತ್ತಿರುವ ಹಿಂದಿನ ಬಿಂದುವಿನ ಓದು) 10 ಮೀಟರ್ ದೂರದಲ್ಲಿ, ಫೋರ್‌ಸೈಟ್ (ಮುಂದಿನ ಬಿಂದುವಿನ ಓದು) 50 ಮೀಟರ್ ದೂರದಲ್ಲಿ ಇಟ್ಟವರಿಗೆ ಎಂಟು ಮಿಲಿಮೀಟರ್ ತಪ್ಪು ಉಳಿಯುತ್ತದೆ. ಎರಡನ್ನೂ 30 ಮೀಟರ್ ಇಟ್ಟವರಿಗೆ ದೋಷ ತಾನಾಗಿ ಕಳೆದುಹೋಗುತ್ತದೆ. ಮೂರನೆಯ ವಾರ ಊರದೇ ಬಿಟ್ಟ ಟ್ರೈಪಾಡ್ ಮೆಲ್ಲಗೆ ಕುಸಿಯಲಿ.

ಎಂಟು ಮಿಲಿಮೀಟರ್ ಯಾವ ಲೆಕ್ಕ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಅವರನ್ನು ಕಿಟಕಿಯ ಬಳಿ ಕರೆದು ಕಾಲುವೆ ತೋರಿಸುತ್ತೇನೆ. 500ಕ್ಕೆ ಒಂದರ ಇಳಿಜಾರಿನ ಚರಂಡಿ 25 ಮೀಟರ್‌ಗೆ ಇಳಿಯುವುದು ಐದು ಸೆಂಟಿಮೀಟರ್ ಮಾತ್ರ. ಇಂಥ ಆರು ತಪ್ಪುಗಳು ಒಂದೇ ದಿಕ್ಕಿಗೆ ಸೇರಿದರೆ ನೀರು ನಿಂತುಬಿಡುತ್ತದೆ, ಮಳೆ ಬಂದ ರಾತ್ರಿ ಯಾರದೋ ಮನೆಗೆ ನುಗ್ಗುತ್ತದೆ. ಬೆಂಗಳೂರಿನ ಮಕ್ಕಳಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ಇದೇ ಊರಿನ ಬಳಿ 1800ರಲ್ಲಿ ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ ತನ್ನ ಸರ್ವೆಗೆ ಬುನಾದಿಯಾದ ಆಧಾರರೇಖೆಯನ್ನು ಅಳೆದಿದ್ದ ಎಂದೂ ಹೇಳುತ್ತೇನೆ. ಬಿಸಿಲಿಗೆ ಉಕ್ಕಿನ ಸರಪಳಿ ಎಷ್ಟು ಹಿಗ್ಗಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದವರ ಕಾಲ ಅದು.

ತರಗತಿ ನಡೆಸಲು 24 ಹೆಡ್‌ಸೆಟ್ ಬೇಡ, ನಾಲ್ಕು ಸಾಕು. ಇಬ್ಬರ ಜೋಡಿ ಮಾಡಿ. ಒಬ್ಬರು ಹೆಡ್‌ಸೆಟ್ ಧರಿಸಿ ಓದನ್ನು ಕೂಗಿ ಹೇಳಲಿ, ಇನ್ನೊಬ್ಬರು ಕಾಗದದ ಫೀಲ್ಡ್ ಬುಕ್ಕಿನಲ್ಲಿ ಬರೆಯಲಿ. ತಂತ್ರಾಂಶವೇ ಕೋಷ್ಟಕ ತುಂಬುವಂತೆ ಮಾಡಬೇಡಿ. ಕೇಳಿಸಿಕೊಂಡದ್ದನ್ನು ತಿರುಗಿ ಹೇಳಿ ಬರೆಯುವ ಅಭ್ಯಾಸ ಇಲ್ಲಿಯೇ ಬರಬೇಕು. ಬ್ಯಾಕ್‌ಸೈಟ್‌ಗಳ ಮೊತ್ತದಿಂದ ಫೋರ್‌ಸೈಟ್‌ಗಳ ಮೊತ್ತ ಕಳೆದಾಗ ಬರುವುದು ಕೊನೆಯ ಮತ್ತು ಮೊದಲ ಆರ್‌ಎಲ್‌ಗಳ (ಲೆಕ್ಕ ಹಾಕಿದ ಎತ್ತರಗಳ) ವ್ಯತ್ಯಾಸಕ್ಕೆ ಸಮವಾಗಿದೆಯೇ ಎಂದು ಕೈಯಾರೆ ನೋಡಲಿ. ಆಮೇಲೆ ಮಾತ್ರ ನಿಜವಾದ ಎತ್ತರಗಳನ್ನು ತೆರೆದು ತೋರಿಸಿ. ಲೆಕ್ಕ ತಾಳೆಯಾದರೂ ಓದು ತಪ್ಪಿರಬಹುದು ಎಂಬುದು ಆಗ ಹೊಳೆಯುತ್ತದೆ. ಮೈದಾನದಲ್ಲಿ ಆ ನಿಜವಾದ ಎತ್ತರ ನನಗೂ ಗೊತ್ತಿರುವುದಿಲ್ಲ, ವಿಆರ್‌ನಿಂದ ನಾನು ಪಡೆದ ದೊಡ್ಡ ಲಾಭ ಇದೇ.

ಒಬ್ಬರಿಗೆ 12ರಿಂದ 15 ನಿಮಿಷ ಸಾಕು. ಜಾಗ ಬದಲಿಸಲು ನಡೆಯುವ ಬದಲು ಒಮ್ಮೆಲೇ ಹಾರುವ ವ್ಯವಸ್ಥೆ ಇರಲಿ, ಇಲ್ಲವಾದರೆ ತಲೆ ಸುತ್ತುತ್ತದೆ. ಕನ್ನಡಕದವರಿಗೆ ಸ್ಪೇಸರ್ ಹಾಕಿ, ಮುಖಕ್ಕೆ ತಾಗುವ ಭಾಗವನ್ನು ಪ್ರತಿಸಲ ಒರೆಸಿ. ಸೂಚನೆಗಳ ಧ್ವನಿ ಕನ್ನಡದಲ್ಲಿರಲಿ. ಬ್ಯಾಕ್‌ಸೈಟ್, ಬೆಂಚ್‌ಮಾರ್ಕ್‌ (ಎತ್ತರ ಗೊತ್ತಿರುವ ಗುರುತು) ಇಂಥ ಪದಗಳನ್ನು ಹಾಗೆಯೇ ಬಿಡಿ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿಯೊಬ್ಬಳು ಮೊದಲ ಬಾರಿಗೆ ಪ್ರಶ್ನೆ ಕೇಳಿದ್ದು ಆ ಧ್ವನಿ ಬದಲಿಸಿದ ವಾರವೇ.

ನಾಲ್ಕನೆಯ ವಾರ ಹೆಡ್‌ಸೆಟ್‌ಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಮೈದಾನಕ್ಕೆ ಹೋಗಿ. ಟ್ರೈಪಾಡಿನ ಭಾರ, ಬಿಗಿಯಾದ ಸ್ಕ್ರೂ, ಬಿಸಿಲಿಗೆ ಅಲೆಯಾಡುವ ಬಿಂಬ ಅಲ್ಲಿ ಮಾತ್ರ ಸಿಗುತ್ತವೆ. 400 ಮೀಟರ್ ಸುತ್ತು ಹಾಕಿಸಿ, ಹೊರಟ ಬೆಂಚ್‌ಮಾರ್ಕ್‌ಗೇ ಮರಳಿಸಿ. ಕಿಲೋಮೀಟರ್‌ನಲ್ಲಿರುವ ದೂರದ ವರ್ಗಮೂಲವನ್ನು 24ರಿಂದ ಗುಣಿಸಿದಷ್ಟು ಮಿಲಿಮೀಟರ್ ತಪ್ಪನ್ನು ಒಪ್ಪಬಹುದು. ಇಲ್ಲಿ ಅದು 15. ಕಳೆದ ಸಲ ನಾನು ಏನನ್ನೂ ಹೇಳದೆ ದೂರ ನಿಂತಿದ್ದೆ. ಒಂದು ತಂಡದ ಹುಡುಗ ಬ್ಯಾಕ್‌ಸೈಟ್‌ನ ದೂರವನ್ನು ಹೆಜ್ಜೆ ಎಣಿಸಿ ನಡೆದ, ಅಷ್ಟೇ ಹೆಜ್ಜೆಗಳನ್ನು ಮುಂದಕ್ಕೆ ಎಣಿಸಿ ಸ್ಟಾಫಿನವನನ್ನು ಅಲ್ಲಿ ನಿಲ್ಲಿಸಿದ.