ಹರಪ್ಪ ಪಾಠಕ್ಕೆ ಥರ್ಮಾಕೋಲ್ ಬೇಡ, ತಕ್ಕಡಿ ಕಟ್ಟಿ

ಆರನೇ ತರಗತಿಗೆ ಸಮಾಜ ಹೇಳಿಕೊಡುವವಳು ನಾನು. ಹರಪ್ಪ ನಾಗರಿಕತೆಯ ಪಾಠ ಬಂತೆಂದರೆ ನನ್ನದು ಒಂದೇ ಹಟ: ಥರ್ಮಾಕೋಲ್ ಮಾದರಿ ಬೇಡ. ಅದನ್ನು ರಾತ್ರಿ ಕೂತು ಅಂಟಿಸುವುದು ಅಪ್ಪ ಅಮ್ಮ. ಮಗು ಬೆಳಗ್ಗೆ ಹೊತ್ತುಕೊಂಡು ಬರುತ್ತದೆ, ಅಷ್ಟೇ. ಕ್ರಿ.ಪೂ. 2600ರಿಂದ 1900ರ ಸುಮಾರಿಗೆ ಮೊಹೆಂಜೊದಾರೊ, ಹರಪ್ಪ, ಲೋಥಲ್‌ಗಳಲ್ಲಿ ಬಾಳಿದ ಜನ ದಿನಾ ಬಳಸುತ್ತಿದ್ದ ಮೂರು ವಸ್ತುಗಳನ್ನು ಮಕ್ಕಳೇ ಮಾಡಬಹುದು. ತೂಕದ ಕಲ್ಲು, ಇಟ್ಟಿಗೆ, ಮುದ್ರೆ. ಖರ್ಚು ಬಹಳ ಕಡಿಮೆ.

ತೂಕದಿಂದಲೇ ಶುರು ಮಾಡಿ. ಇದಕ್ಕೆ ಎರಡು ಪೀರಿಯಡ್ ಕೊಟ್ಟರೂ ನಷ್ಟವಿಲ್ಲ.

ಒಂದು ನೇರವಾದ ಕೋಲು, ಎರಡು ತೆಂಗಿನ ಕರಟ, ಹುರಿ ಸಾಕು. ಕೋಲಿನ ನಡುವೆ ಹುರಿ ಕಟ್ಟಿ ಕಿಟಕಿ ಸರಳಿಗೆ ನೇತು ಹಾಕಿ. ಎರಡು ತುದಿಗೂ ಕರಟ ಕಟ್ಟಿ. ಒಂದು ಕಡೆ ಜಗ್ಗಿದರೆ ಇನ್ನೊಂದು ಕರಟದ ತಳಕ್ಕೆ ಹಸಿ ಮಣ್ಣು ಮೆತ್ತಿ ಸರಿ ಮಾಡಿ. ಈಗ ಅರ್ಧ ಕೆ.ಜಿ. ಆಸುಪಾಸು ಒಣ ಮರಳು ಕೊಡಿ. ತೂಕದ ಬಟ್ಟು ಮಾತ್ರ ಕೊಡಬೇಡಿ. 'ಬಟ್ಟೇ ಇಲ್ಲದೆ ತೂಕ ಮಾಡುವುದು ಹೇಗೆ?' ಎಂದು ಕೇಳಿ, ಸ್ವಲ್ಪ ಹೊತ್ತು ಸುಮ್ನೆ ಇರಿ.

ಬಟ್ಟಿಲ್ಲದ ತಕ್ಕಡಿಗೆ ತಿಳಿಯುವುದು ಒಂದೇ ವಿಷಯ: ಎರಡೂ ಕಡೆ ಸಮವೋ ಅಲ್ಲವೋ. ಹಾಗಾಗಿ ಅದರಿಂದ ಸುಲಭವಾಗಿ ಆಗುವ ಕೆಲಸ ಸರಿಯಾಗಿ ಅರ್ಧ ಮಾಡುವುದು. ಮರಳನ್ನು ಎರಡೂ ಕರಟಕ್ಕೆ ಹಾಕಿ ಸಮ ಮಾಡಿಸಿ. ಒಂದು ಪಾಲನ್ನು ಬಟ್ಟೆಯಲ್ಲಿ ಕಟ್ಟಿ 16 ಎಂದು ಬರೆಯಿರಿ. ಇನ್ನೊಂದು ಪಾಲನ್ನು ಮತ್ತೆ ಅರ್ಧ ಮಾಡಿ, ಅದರಲ್ಲೊಂದು 8. ಹೀಗೇ 4, 2, 1. ಕೊನೆಯಲ್ಲಿ ಒಂದು ಸಣ್ಣ ಪಾಲು ಉಳಿಯುತ್ತದೆ. ಅದನ್ನು ಎಸೆಯಬೇಡಿ, ಅದನ್ನೂ ಕಟ್ಟಿಡಿ. ಅದರ ಜೊತೆಗೆ 1, 2, 4, 8 ಎಲ್ಲವನ್ನೂ ಒಂದು ಕರಟಕ್ಕೆ, 16ನ್ನು ಇನ್ನೊಂದಕ್ಕೆ ಹಾಕಿಸಿ. ಕೋಲು ಸಮಕ್ಕೆ ನಿಂತರೆ ಕೆಲಸ ಸರಿಯಾಗಿದೆ. ಬಟ್ಟೆ ಚೂರುಗಳು ಒಂದೇ ಅಳತೆಯವಿರಲಿ, ಇಲ್ಲದಿದ್ದರೆ ಸಣ್ಣ ಪೊಟ್ಟಣಗಳಲ್ಲಿ ವ್ಯತ್ಯಾಸ ಬರುತ್ತದೆ.

ಆಮೇಲೆ ಬಿಸಿಯೂಟದ ಕೋಣೆಯಿಂದ ಒಂದು ಹಿಡಿ ಬೇಳೆ ತರಿಸಿ ತೂಗಿಸಿ. 11 ಬೇಕಾದರೆ 8, 2, 1. 23 ಬೇಕಾದರೆ 16, 4, 2, 1. ಐದೇ ಪೊಟ್ಟಣದಲ್ಲಿ 1ರಿಂದ 31ರವರೆಗೆ ಯಾವ ತೂಕವೂ ತಪ್ಪುವುದಿಲ್ಲ. ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿ ಇದನ್ನು ನಂಬಲಿಲ್ಲ. ಬೋರ್ಡಿನ ಮೇಲೆ 31 ಸಾಲೂ ಬರೆದು ನೋಡಿಯೇ ಬಿಟ್ಟಳು. ಅಂಥ ಮಕ್ಕಳಿಗೆ ಸೀಮೆಸುಣ್ಣ ಕೊಟ್ಟು ಪಕ್ಕಕ್ಕೆ ಸರಿದುಬಿಡಿ.

ಹರಪ್ಪದವರ ವಿಷಯ ಹೇಳಬೇಕಾದ್ದು ಈಗ. ಅವರ ಬಟ್ಟುಗಳು ಚರ್ಟ್ ಎಂಬ ಗಟ್ಟಿ ಕಲ್ಲಿನ ನುಣುಪಾದ ಘನಗಳು. ಸಾಮಾನ್ಯವಾಗಿ ಮೇಲೆ ಗುರುತೇನೂ ಇಲ್ಲ. ಲೆಕ್ಕ 1, 2, 4, 8, 16, 32, 64. ಇದರಲ್ಲಿ 16ರ ಬಟ್ಟು ಸುಮಾರು 13.6 ಗ್ರಾಂ. ಮೊಹೆಂಜೊದಾರೊಗೂ ಲೋಥಲ್‌ಗೂ ನಡುವೆ 600 ಕಿ.ಮೀ.ಗೂ ಜಾಸ್ತಿ ದೂರ. ಆದರೂ ಎರಡೂ ಕಡೆ ಇದೇ ಲೆಕ್ಕದ ಬಟ್ಟು. ಪೊಟ್ಟಣ ಕಟ್ಟಿ ಬೆವರಿದ ಮಕ್ಕಳಿಗೆ ಇದರ ಬೆಲೆ ತಕ್ಷಣ ತಿಳಿಯುತ್ತದೆ. ಯಾಕೆಂದರೆ ಪಕ್ಕದ ಬೆಂಚಿನವರ 16ಕ್ಕೂ ಇವರ 16ಕ್ಕೂ ಹೊಂದಿಕೆಯೇ ಇರುವುದಿಲ್ಲ!

ಮನೆಗೆ ಹೋಗಿ ಅಜ್ಜಿಯ ಹತ್ತಿರ ಸೇರು, ಅಚ್ಚೇರು, ಪಾವಿನ ಲೆಕ್ಕ ಕೇಳಿಕೊಂಡು ಬರಲಿ. ರೂಪಾಯಿಗೆ ಎಷ್ಟು ಆಣೆ ಅಂತಲೂ ಕೇಳಲಿ. ಅಲ್ಲೂ ಅರ್ಧ, ಕಾಲು, ಹದಿನಾರು. ಇದೆಲ್ಲ ಹರಪ್ಪದಿಂದಲೇ ಬಂತು ಎಂದು ಹೇಳಲು ಮಾತ್ರ ಹೋಗಬೇಡಿ. ಅರ್ಧ ಮಾಡುವುದು ಯಾವ ಊರಿನಲ್ಲಾದರೂ ಸುಲಭವೇ ಅಲ್ವಾ?

ಇಟ್ಟಿಗೆಗೆ ಕೆರೆ ಮಣ್ಣು, ಸ್ವಲ್ಪ ಒಣಹುಲ್ಲು. 2 ಸೆಂ.ಮೀ. ದಪ್ಪ, 4 ಅಗಲ, 8 ಉದ್ದದ ಅಚ್ಚನ್ನು ರಟ್ಟಿನಲ್ಲಿ ಮಾಡಿಕೊಳ್ಳಿ. ಒಣಗಿಸುವುದು ನೆರಳಲ್ಲಿ. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಹರಪ್ಪದ ಮನೆಗಳ ಇಟ್ಟಿಗೆಯ ಸಾಮಾನ್ಯ ಅಳತೆ 7, 14, 28 ಸೆಂ.ಮೀ. ಕೋಟೆಗೋಡೆಗೆ 10, 20, 40. ಎರಡರಲ್ಲೂ ಪ್ರಮಾಣ 1:2:4. ಯಾಕೆ ಹೀಗೆ ಎಂದು ನೀವು ಹೇಳಬೇಡಿ, ಗೋಡೆ ಕಟ್ಟಲು ಬಿಡಿ. ಅಡ್ಡಡ್ಡ ಇಟ್ಟ ಎರಡು ಇಟ್ಟಿಗೆಯ ಅಗಲ ಒಂದು ಇಟ್ಟಿಗೆಯ ಉದ್ದಕ್ಕೆ ಸರಿಹೋಗುತ್ತದೆ. ನಮ್ಮಲ್ಲಿ ಗಾರೆ ಕೆಲಸದವರ ಮಗನೊಬ್ಬ ಎಲ್ಲರಿಗಿಂತ ಮುಂಚೆ ಇದನ್ನು ಹಿಡಿದ. "ಸಂದಿ ಮೇಲೆ ಸಂದಿ ಬಂದ್ರೆ ಗೋಡೆ ಸೀಳುತ್ತೆ ಮಿಸ್. ಒಂದು ಸಾಲು ಉದ್ದ, ಒಂದು ಸಾಲು ಅಡ್ಡ ಇಡ್ಬೇಕು" ಎಂದ. ಆ ದಿನ ಉಳಿದ ಪಾಠವನ್ನು ಅವನಿಂದಲೇ ಮಾಡಿಸಿದೆ.

ಮುದ್ರೆಗೆ ಮೈಸೋಪು. ಹರಪ್ಪದವರು ಕೊರೆದದ್ದು ಮೆತ್ತನೆಯ ಬಳಪದ ಕಲ್ಲಿನಲ್ಲಿ. ಆಮೇಲೆ ಸುಟ್ಟು ಗಟ್ಟಿ ಮಾಡುತ್ತಿದ್ದರು. ಸೋಪನ್ನು ಎರಡೂವರೆ ಸೆಂ.ಮೀ. ಚೌಕಕ್ಕೆ ಕತ್ತರಿಸುವುದು ನಿಮ್ಮ ಕೆಲಸ. ಬ್ಲೇಡು ಮಕ್ಕಳ ಕೈಗೆ ಬೇಡ. ಕೊರೆಯಲು ಖಾಲಿ ರೀಫಿಲ್ ಸಾಕು. ಒಂದು ಪ್ರಾಣಿ, ಅದರ ಮೇಲೆ ತಾವೇ ಕಟ್ಟಿದ ನಾಲ್ಕೈದು ಚಿಹ್ನೆ. ಮುದ್ರೆಗಳಲ್ಲಿ ತುಂಬ ಸಲ ಕಾಣುವುದು ಒಂಟಿ ಕೊಂಬಿನ ಪ್ರಾಣಿ. ಚಿಹ್ನೆಗಳ ಅರ್ಥವನ್ನು ಯಾರಿಗೂ ಹೇಳಬಾರದು ಎಂದು ಮೊದಲೇ ಮಾತು ತೆಗೆದುಕೊಳ್ಳಿ.

ಹುಣಸೆ ಬೀಜದ ಪೊಟ್ಟಣಕ್ಕೆ ಹುರಿ ಕಟ್ಟಿ, ಗಂಟಿನ ಮೇಲೆ ಹಸಿ ಮಣ್ಣು ಮೆತ್ತಿ ಮುದ್ರೆ ಒತ್ತಿಸಿ. ಬಲಕ್ಕೆ ನೋಡುತ್ತಿದ್ದ ಪ್ರಾಣಿ ಎಡಕ್ಕೆ ತಿರುಗಿರುತ್ತದೆ, ಚಿಹ್ನೆಗಳೂ ತಿರುವುಮುರುವು. ಈಗ ಮುದ್ರೆ ಒಡೆಯದೆ ಪೊಟ್ಟಣ ಬಿಚ್ಚಲಾಗದು. ಲೋಥಲ್‌ನಲ್ಲಿ ಸಿಕ್ಕ ಇಂಥ ಮಣ್ಣಿನ ಮುದ್ರೆಗಳ ಹಿಂಬದಿಯಲ್ಲಿ ಹಗ್ಗದ, ಬಟ್ಟೆಯ ಅಚ್ಚು ಉಳಿದಿದೆ. ಒಣಗಿದ ಮೇಲೆ ಮೆಲ್ಲಗೆ ಬಿಡಿಸಿ ತಿರುಗಿಸಿದರೆ ಮಕ್ಕಳ ಮುದ್ರೆಯ ಬೆನ್ನಲ್ಲೂ ಹುರಿಯ ಎಳೆ ಎಳೆ ಕಾಣುತ್ತದೆ.

ಕೊನೆಗೆ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ, ಪೊಟ್ಟಣದ ಮೇಲಿನ ಅಂಕಿ ಅಳಿಸಿ, ಏಳನೇ ತರಗತಿಗೆ ಕೊಡಿ. ಇವು ಯಾರವು, ಯಾತಕ್ಕೆ ಬಳಸಿದ್ದು ಎಂದು ಅವರು ಊಹಿಸಲಿ. ಹರಪ್ಪದ ಬರಹವನ್ನು ಇವತ್ತಿಗೂ ಯಾರೂ ಓದಿಲ್ಲ. ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಹೀಗೆ ವಸ್ತುಗಳನ್ನು ನೋಡಿ ತಿಳಿದದ್ದೇ. ಒಂದೊಂದು ಊಹೆಯ ಮುಂದೆಯೂ 'ಆಧಾರ' ಎಂಬ ಕಾಲಂ ಇರಲಿ. ಆಧಾರ ಇಲ್ಲದ ಊಹೆಗೆ ಅಂಕ ಕೊಡಬೇಡಿ. ತಪ್ಪು ಊಹೆಯಾದರೂ ಆಧಾರ ಚೆನ್ನಾಗಿದ್ದರೆ ಪೂರ್ತಿ ಅಂಕ ಕೊಡಿ.