ಗೋಡೆ ಕ್ಯಾಲೆಂಡರ್ ಸಾಕು, ಟೆಲಿಸ್ಕೋಪ್ ಆಮೇಲೆ

ನಕ್ಷತ್ರ ನೋಡೋಕೆ ಯಾವ ಟೆಲಿಸ್ಕೋಪ್ ತಗೊಳ್ಳಲಿ ಅಂತ ಕೇಳುವವರಿಗೆಲ್ಲ ನಾನು ಹೇಳೋದು ಒಂದೇ: ಸದ್ಯಕ್ಕೆ ಏನೂ ತಗೋಬೇಡಿ. ಮನೆ ಗೋಡೆ ಮೇಲೆ ಕ್ಯಾಲೆಂಡರ್ ಇದೆಯಲ್ಲ, ಅರ್ಧ ಕೆಲಸ ಅದರಲ್ಲೇ ಆಗುತ್ತೆ.

ಪ್ರತಿ ದಿನದ ಮನೆಯಲ್ಲಿ ತಿಥಿ ಜೊತೆಗೆ ಒಂದು ನಕ್ಷತ್ರದ ಹೆಸರೂ ಇರುತ್ತೆ. ಅದು ಜಾತಕ ನೋಡುವವರಿಗೆ ಮಾತ್ರ ಅಂದುಕೊಂಡು ನಾವು ಬಿಟ್ಟುಬಿಡುತ್ತೇವೆ. ಇವತ್ತು ಚಂದ್ರ ಆಕಾಶದಲ್ಲಿ ಎಲ್ಲಿದ್ದಾನೆ ಅನ್ನೋದನ್ನೇ ಅದು ಹೇಳೋದು. ಚಂದ್ರ ಒಂದು ಸುತ್ತು ಬರೋಕೆ ಸುಮಾರು 27.3 ದಿನ, ಅವನ ದಾರಿಯನ್ನು 27 ಪಾಲು ಮಾಡಿದ್ದಾರೆ, ದಿನಕ್ಕೆ ಹೆಚ್ಚುಕಡಿಮೆ ಒಂದು. ಕ್ಯಾಲೆಂಡರ್‌ನಲ್ಲಿ ರೋಹಿಣಿ ಅಂತ ಇರುವ ರಾತ್ರಿ ಚಂದ್ರನ ಅಕ್ಕಪಕ್ಕ ಕಣ್ಣಾಡಿಸಿ, ಕಿತ್ತಳೆ ಬಣ್ಣದ ಒಂದು ನಕ್ಷತ್ರ ಕಾಣುತ್ತೆ. ಅದೇ ರೋಹಿಣಿ. ಪುನರ್ವಸು, ಮಘೆ, ಚಿತ್ತೆ ಇವನ್ನೂ ಹೀಗೇ ಹಿಡೀಬಹುದು. ಎಲ್ಲಕ್ಕೂ ಈ ಉಪಾಯ ನಡೆಯಲ್ಲ. ಪಾಲುಗಳು ಸಮ, ನಕ್ಷತ್ರಗಳು ಹಾಗಿಲ್ಲ. ಸ್ವಾತಿ ಅಂತೂ ಆ ದಾರಿಯಿಂದ ಉತ್ತರಕ್ಕೆ ಮೂರು ಮುಷ್ಟಿ ದೂರ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಈ ಅಳತೆ ನೆನಪಿರಲಿ, ಮುಂದೆ ಬೇಕಾಗುತ್ತೆ.

ಮಂಡ್ಯ ಕಡೆ ರೈತರಿಗೆ ಈ ಹೆಸರೆಲ್ಲ ಮಳೆಯಿಂದಲೇ ಗೊತ್ತು. ಆದರೆ ಆರಿದ್ರಾ ಮಳೆ ಹುಯ್ಯುವಾಗ ಆರಿದ್ರಾ ನಕ್ಷತ್ರ ಹುಡುಕೋಕೆ ಹೋಗಬೇಡಿ. ಮಳೆ ಲೆಕ್ಕ ಚಂದ್ರನದಲ್ಲ, ಸೂರ್ಯನದು. ಜೂನ್ ಕೊನೆಯಲ್ಲಿ ಸೂರ್ಯ ಆ ಕಡೆಗೇ ಇರೋದರಿಂದ ನಕ್ಷತ್ರ ಹಗಲಲ್ಲೇ ಹುಟ್ಟಿ ಹಗಲಲ್ಲೇ ಮುಳುಗುತ್ತೆ. ಅದನ್ನು ನೋಡೋಕೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆ ಕಾಲ. ಮೋಡವೂ ಕಡಿಮೆ.

ಮಂಕಾದ ವಸ್ತುಗಳಿಗೆ ಕತ್ತಲು ಬೇಕು, ಕತ್ತಲಿಗೆ ಅಮಾವಾಸ್ಯೆ ಬೇಕು. ಅಮಾವಾಸ್ಯೆ ರಾತ್ರಿ ಊರಾಚೆ ಹೋಗ್ತೀನಿ ಅಂದರೆ ಮನೇಲಿ ಅಜ್ಜಿ ಬಿಡಬೇಕಲ್ಲ! ಪರವಾಗಿಲ್ಲ. ಬಹುಳ ಅಷ್ಟಮಿ ಕಳೆದ ಮೇಲೆ ಚಂದ್ರ ಹುಟ್ಟೋದೇ ನಡುರಾತ್ರಿ ದಾಟಿ, ಶುದ್ಧ ಬಿದಿಗೆವರೆಗೂ ಸಂಜೆಯೇ ಮುಳುಗಿಬಿಡುತ್ತಾನೆ. ನಡುವೆ ಯಾವ ದಿನವಾದರೂ ಆದೀತು. ಹೊರಗೆ ಹೋದ ಮೇಲೆ ಕಣ್ಣು ಕತ್ತಲಿಗೆ ಒಗ್ಗೋಕೆ 20-30 ನಿಮಿಷ ಬೇಕು, ಅಷ್ಟರಲ್ಲಿ ಒಂದು ಸಲ ವಾಟ್ಸಾಪ್ ತೆಗೆದರೂ ಲೆಕ್ಕ ಮೊದಲಿಂದ ಶುರು. ಟಾರ್ಚ್‌ಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ.

ಈಗ ಆರಿದ್ರಾ ವಿಷಯ. ಇದಕ್ಕೆ ಊರಾಚೆ ಹೋಗೋದೂ ಬೇಡ, ಮೈಸೂರಿನ ಕುವೆಂಪುನಗರದ ಟೆರೇಸ್ ಸಾಕು. ಜನವರಿಯಲ್ಲಿ ರಾತ್ರಿ ಎಂಟರ ಹೊತ್ತಿಗೆ ಪೂರ್ವಕ್ಕೆ ತಿರುಗಿ ಅರ್ಧ ಆಕಾಶದಷ್ಟು ಮೇಲೆ ನೋಡಿ. ಮೂರು ನಕ್ಷತ್ರ ಒಂದೇ ಸಾಲಿನಲ್ಲಿ ಕಾಣುತ್ತವೆ, ಅದು ಮಹಾವ್ಯಾಧ ಅನ್ನೋ ನಕ್ಷತ್ರಪುಂಜದ (ಓರಿಯನ್) ನಡು. ಅದರ ಎಡಕ್ಕೆ, ಅಂದರೆ ಉತ್ತರಕ್ಕೆ, ಎರಡು ಭುಜ. ಕೆಳಗಿನ ಭುಜ ಕೆಂಪಗಿದೆ, ಅದೇ ಆರಿದ್ರಾ, ಇಂಗ್ಲಿಷ್‌ನವರ ಬೆಟೆಲ್‌ಜ್ಯೂಸ್. ಮೇಲಿನದು ಬೆಲಾಟ್ರಿಕ್ಸ್. ಸಾಮಾನ್ಯವಾಗಿ ಆರಿದ್ರಾ ಎದ್ದು ಕಾಣುವಷ್ಟು ಜಾಸ್ತಿ ಹೊಳೆಯುತ್ತೆ. 2020ರ ಫೆಬ್ರವರಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಆಗಿಬಿಟ್ಟಿದ್ದವು, ಬರಿಗಣ್ಣಿಗೇ ಗೊತ್ತಾಗುತ್ತಿತ್ತು. ಇನ್ನೇನು ಸಿಡಿಯುತ್ತೆ ಅಂತ ಗುಲ್ಲೆದ್ದಿತ್ತು. ನಕ್ಷತ್ರ ತಾನೇ ಉಗುಳಿದ ಅನಿಲ ತಣ್ಣಗಾಗಿ ಧೂಳಾಗಿ ಮುಖಕ್ಕೆ ಅಡ್ಡ ನಿಂತಿದ್ದು ಕಾರಣ ಅಂತ ಆಮೇಲೆ ಗೊತ್ತಾಯಿತು. 2025ರಲ್ಲಿ ಇನ್ನೊಂದು ಸುದ್ದಿ: ಹವಾಯಿಯ ಜೆಮಿನಿ ನಾರ್ತ್ ಟೆಲಿಸ್ಕೋಪ್‌ನಲ್ಲಿ ಅದರ ಪಕ್ಕಕ್ಕೇ ಅಂಟಿಕೊಂಡಂತೆ ಒಂದು ಪುಟ್ಟ ಜೊತೆ ನಕ್ಷತ್ರದ ಗುರುತು ಸಿಕ್ಕಿತು. ಸುಮಾರು ಆರು ವರ್ಷಕ್ಕೊಮ್ಮೆ ಅದು ಆರಿದ್ರಾವನ್ನು ಸುತ್ತುತ್ತೆ ಅನ್ನೋ ಅಂದಾಜಿದೆ.

ನೀವು ಮಾಡಬೇಕಾದದ್ದು ಇಷ್ಟು. ವಾರಕ್ಕೊಂದು ಸಲ ಆರಿದ್ರಾವನ್ನು ರೋಹಿಣಿ ಜೊತೆ, ಬೆಲಾಟ್ರಿಕ್ಸ್ ಜೊತೆ ಹೋಲಿಸಿ, ಯಾವುದಕ್ಕಿಂತ ಎಷ್ಟು ಜಾಸ್ತಿ ಅಂತ ನೋಟ್‌ಬುಕ್‌ನಲ್ಲಿ ತಾರೀಖು, ಟೈಮ್ ಸಮೇತ ಬರೆಯಿರಿ. ಕೆಂಪು ನಕ್ಷತ್ರವನ್ನು ದಿಟ್ಟಿಸಿ ನೋಡಬೇಡಿ, ನೋಡ್ತಾ ನೋಡ್ತಾ ಅದು ಇರುವುದಕ್ಕಿಂತ ಜಾಸ್ತಿ ಹೊಳೆದಂತೆ ಕಾಣುತ್ತೆ. ಕಣ್ಣು ಹಾಯಿಸಿ, ತೆಗೆಯಿರಿ, ಅಷ್ಟೇ. ಈ ಲೆಕ್ಕವನ್ನು ಎಎವಿಎಸ್‌ಒ ಅನ್ನೋ, ಹೊಳಪು ಬದಲಾಗುವ ನಕ್ಷತ್ರ ನೋಡುವವರ ಅಮೆರಿಕದ ಸಂಸ್ಥೆ 1911ರಿಂದ ಹವ್ಯಾಸಿಗಳಿಂದ ಸಂಗ್ರಹಿಸುತ್ತಿದೆ, ನೀವೂ ಕಳಿಸಬಹುದು, ವಿಜ್ಞಾನಿಗಳು ನಿಜವಾಗಲೂ ಬಳಸುತ್ತಾರೆ.

ಇಷ್ಟಾದ ಮೇಲೆ 10×50 ಬೈನಾಕ್ಯುಲರ್ ಕೊಳ್ಳಿ, ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 50 ಮಿ.ಮೀ. ಅಗಲ ಇರುವಂಥದ್ದು. ಅದರ ಒಂದೊಂದು ಗಾಜೂ ನಿಮ್ಮ ಕಣ್ಣಿಗಿಂತ ಸುಮಾರು 50 ಪಟ್ಟು ಬೆಳಕು ಹಿಡಿಯುತ್ತೆ. ಅಗ್ಗದ ಟೆಲಿಸ್ಕೋಪ್ ಸ್ಟ್ಯಾಂಡ್ ಅಲ್ಲಾಡಿ ಅಲ್ಲಾಡಿ ತಲೆ ಕೆಡಿಸುತ್ತೆ, ಅದು ಬೇಡ.

ಬೈನಾಕ್ಯುಲರ್‌ಗೆ ನನ್ನ ಮೊದಲ ಶಿಫಾರಸು ಒಮೇಗಾ ಸೆಂಟಾರಿ. ಲಕ್ಷಾಂತರ ನಕ್ಷತ್ರಗಳ ಗುಂಪು ಅದು. ಲಂಡನ್‌ನವರಿಗೆ ಅದು ಹುಟ್ಟೋದೇ ಇಲ್ಲ. ನಾವು ಭೂಮಧ್ಯರೇಖೆಯಿಂದ 12 ಡಿಗ್ರಿಯಷ್ಟೇ ಉತ್ತರದಲ್ಲಿರೋದರಿಂದ ನಮಗೆ ದಕ್ಷಿಣದಲ್ಲಿ 30 ಡಿಗ್ರಿ ಎತ್ತರಕ್ಕೆ ಬರುತ್ತೆ. ಏಪ್ರಿಲ್ ಕೊನೆಯಲ್ಲಿ ರಾತ್ರಿ ಹನ್ನೊಂದೂವರೆಗೆ ದಕ್ಷಿಣಕ್ಕೆ ಮುಖ ಮಾಡಿ, ಮೇಲೆ ಚಿತ್ತೆ ಹಿಡಿಯಿರಿ, ಅಲ್ಲಿಂದ ನೇರ ಕೆಳಗೆ ಮೂರೂವರೆ ಮುಷ್ಟಿ. ಹತ್ತಿ ಉಂಡೆ ಥರ ಮಸುಕಾಗಿ ಕಾಣುತ್ತೆ. ನೇರ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಿದರೆ ಇನ್ನೂ ಚೆನ್ನಾಗಿ ಕಾಣುತ್ತೆ. ಇದರ ಒಳಗೆ ಏಳು ನಕ್ಷತ್ರಗಳು ಇರಬೇಕಾದ್ದಕ್ಕಿಂತ ಜಾಸ್ತಿ ವೇಗದಲ್ಲಿ ಓಡುತ್ತಿರೋದನ್ನು ಹಬಲ್ ಬಾಹ್ಯಾಕಾಶ ಟೆಲಿಸ್ಕೋಪ್‌ನ 20 ವರ್ಷದ ಚಿತ್ರಗಳಲ್ಲಿ ಕಂಡು, ನಡುವೆ ಕಡಿಮೆ ಅಂದರೂ 8,200 ಸೂರ್ಯರ ತೂಕದ ಕಪ್ಪುಕುಳಿ ಇರಬೇಕು ಅಂತ 2024ರಲ್ಲಿ ವಿಜ್ಞಾನಿಗಳು ಹೇಳಿದರು.

ಇದಕ್ಕೆ ಮಾತ್ರ ಜಾಗ ಯೋಚಿಸಿ ಆರಿಸಿ. ಮೇಲುಕೋಟೆ ಕತ್ತಲೇನೋ ಚೆನ್ನಾಗಿದೆ, ಆದರೆ ಅಲ್ಲಿಂದ ಮೈಸೂರಿನ ಬೆಳಕು ಸರಿಯಾಗಿ ದಕ್ಷಿಣಕ್ಕೇ ಬೀಳುತ್ತೆ. ನಂಜನಗೂಡು ದಾಟಿ ಹೋದರೆ ಊರಿನ ಬೆಳಕೆಲ್ಲ ಬೆನ್ನ ಹಿಂದೆ. ಕಾಡಂಚಿಗೆ ಹೋಗಬೇಡಿ, ಆನೆ ಇವೆ. ಕಬ್ಬಿನ ಗದ್ದೆ ಪಕ್ಕವೂ ಬೇಡ, ಚಿರತೆ ಕಾಟ ಎಲ್ಲರಿಗೂ ಗೊತ್ತಿರೋದೇ ಅಲ್ವಾ. ಗೊತ್ತಿರುವವರ ತೋಟದ ಮನೆ ತಾರಸಿ ಸಿಕ್ಕರೆ ಎಲ್ಲಕ್ಕಿಂತ ಉತ್ತಮ. ಮೇ ಮಧ್ಯದಲ್ಲಾದರೆ ಹತ್ತೂವರೆಗೇ ಸಿಗುತ್ತೆ, ಆದರೆ ಆಗ ಸಂಜೆ ಗುಡುಗು ಮಳೆ ಶುರುವಾಗಿರುತ್ತೆ, ಅದಕ್ಕೇ ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳಿ.